ಟಿಬಿ ಕೇಸ್ ಕಮ್ಮಿ ಆಯ್ತು ಅಂದ್ರೆ ನಾನೀಗ ಮೊದಲು ನೋಡೋದು ಬೇರೆ ಕಾಲಂ

ನಾನು ಟಿಬಿ ವಿಭಾಗದಲ್ಲಿ ಫೀಲ್ಡ್ ಕೆಲಸ ಮಾಡೋಳು. ಸೇರಿದ ಹೊಸದ್ರಲ್ಲಿ ಒಂದು ತಿಂಗಳು ನಮ್ಮ ಏರಿಯಾದ ಪಾಸಿಟಿವ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು, ನಂಗೆ ಖುಷಿಯೋ ಖುಷಿ, ಮೀಟಿಂಗಲ್ಲಿ ಗ್ರಾಫ್ ತೋರ್ಸಿ ಕಾಯಿಲೆ ಹತೋಟಿಗೆ ಬರ್ತಿದೆ ಸರ್ ಅಂದುಬಿಟ್ಟೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಲ್ಯಾಬಿನ ಹಿರಿಯ ಮೇಡಂ ಮಾತ್ರ ಸುಮ್ನಿದ್ರು, ಆಮೇಲೆ ಕರೆದು ಲ್ಯಾಬ್ ರಿಜಿಸ್ಟರ್ ನನ್ನ ಮುಂದೆ ಬಿಚ್ಚಿಟ್ರು. "ಪಾಸಿಟಿವ್ ಎಣ್ಸಿದೀಯಲ್ಲಮ್ಮಾ, ಕಫ ಎಷ್ಟು ಜನರದ್ದು ಬಂತು ಅಂತ ಎಣ್ಸಿದ್ಯಾ?"

ಹಿಂದಿನ ತಿಂಗಳು ಪುಟ ತುಂಬಿ ಮುಂದಿನದಕ್ಕೆ ಹೋಗಿತ್ತು, ಆ ತಿಂಗಳು ಅರ್ಧ ಪುಟಾನೂ ಇಲ್ಲ. ನಮ್ಮನ್ನೆಲ್ಲ ಬೇರೆ ಸರ್ವೆಗೆ ಹಾಕಿದ್ರು, ಎರಡು ವಾರದಿಂದ ಕೆಮ್ಮು ಇದ್ಯಾ ಅಂತ ಮನೆಮನೆಗೆ ಹೋಗಿ ಕೇಳೋರೇ ಇರ್ಲಿಲ್ಲ. ಕಾಯಿಲೆ ಎಲ್ಲೂ ಹೋಗಿರ್ಲಿಲ್ಲ, ನಾವು ಹುಡುಕೋದು ಬಿಟ್ಟಿದ್ವಿ ಅಷ್ಟೆ. ಅವತ್ತು ತಪ್ಪಿಹೋದ ಒಬ್ಬ ಹುಡುಗ ಎರಡು ತಿಂಗಳಾದ ಮೇಲೆ ಕಫದಲ್ಲಿ ರಕ್ತ ಬಂತು ಅಂತ ಬಂದ, ಮನೆಯವರನ್ನ ಚೆಕ್ ಮಾಡಿದ್ರೆ ತಂಗಿಗೂ ಪಾಸಿಟಿವ್. ಆ ಹುಡುಗಿ ಮುಖ ಇನ್ನೂ ಕಣ್ಮುಂದೆ ಇದೆ.

ಕೋವಿಡ್ ಟೈಮಲ್ಲಿ ಇಡೀ ಪ್ರಪಂಚದಲ್ಲೇ ಹೀಗಾಯ್ತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಹೊಸದಾಗಿ ಪತ್ತೆಯಾದೋರು 2019ರಲ್ಲಿ 71 ಲಕ್ಷ, 2020ರಲ್ಲಿ 58 ಲಕ್ಷ. ಆದ್ರೆ ವರ್ಷವರ್ಷಾನೂ ಇಳೀತಾ ಬಂದಿದ್ದ ಸಾವು ಅದೇ 2020ರಲ್ಲಿ ಏರಿತು. 2023ರಲ್ಲಿ ಪತ್ತೆಯಾದೋರು 82 ಲಕ್ಷ, 1995ರಲ್ಲಿ ಲೆಕ್ಕ ಇಡೋಕೆ ಶುರು ಮಾಡಿದಾಗಿಂದ ಅಲ್ಲಿವರೆಗೆ ಅದೇ ಜಾಸ್ತಿ, ಅದರಲ್ಲಿ ಹಿಂದೆ ತಪ್ಪಿಹೋಗಿದ್ದೋರೂ ಇದ್ರು.

ಇನ್ನೊಂದು, ಸ್ಯಾಂಪಲ್ ಸಂಖ್ಯೆ ಸರಿ ಇದ್ರೂ ಡಬ್ಬಿ ಬೆಳಕಿಗೆ ಹಿಡಿದು ನೋಡ್ಬೇಕು. ನೀರು ನೀರಾಗಿ ನೊರೆ ಇದ್ರೆ ಅದು ಎಂಜಲು, ಕಾಯಿಲೆ ಇದ್ರೂ ರಿಪೋರ್ಟ್ ನೆಗೆಟಿವ್ ಬಂದುಬಿಡಬಹುದು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡ್ಮೂರು ಸಲ ಜೋರಾಗಿ ಉಸಿರೆಳ್ಕೊಂಡು, ಎದೆಯಿಂದ ಕೆಮ್ಮಿ ತೆಗೀರಿ, ಗಾಳಿ ಆಡೋ ಕಡೆ ನಿಂತ್ಕೊಳ್ಳಿ ಅಂತ ನಾನೇ ಮಾಡಿ ತೋರಿಸ್ತೀನಿ. ಡಬ್ಬಿ ಕೈಗೆ ಕೊಟ್ಟು ಬಂದ್ರೆ ಸಾಲಲ್ಲ, ಇದಕ್ಕೆ ಐದು ನಿಮಿಷ ಬೇಕೇ ಬೇಕು.

ಕಳೆದ ತಿಂಗಳು ನಮ್ಮಲ್ಲಿ ಪಾಸಿಟಿವ್ ಜಾಸ್ತಿ ಆಯ್ತು, ಯಾಕಮ್ಮ ಏರ್ತಿದೆ ಅಂತ ಮೇಲಿನವರು ಕೇಳಿದ್ರು. ಲ್ಯಾಬ್ ರಿಜಿಸ್ಟರ್ ತಗೊಂಡೇ ಹೋಗಿದ್ದೆ, ಮೂರು ಪುಟ ತುಂಬಿತ್ತು.