ಇಟ್ಟಿಗೆಯಲ್ಲದ ಇಟ್ಟಿಗೆ ಗೋಡೆ: ಲೂಯಿಸ್ ಬೀದಿಯಲ್ಲಿ ಒಂದು ದಿನ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಹಳೆಯ ಊರು ಲೂಯಿಸ್‌ಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಸ್ಟೇಷನ್ ಸ್ಟ್ರೀಟಿನ ಏರು ಹತ್ತಿದರೆ ಹೈ ಸ್ಟ್ರೀಟ್. ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದರೆ ಒಳ್ಳೆಯದು. ಬೀದಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮಕ್ಕಿದೆ. ಬೆಳಗಿನ ಬಿಸಿಲು ಗೋಡೆಗಳನ್ನು ಓರೆಯಾಗಿ ಸವರಿಕೊಂಡು ಹೋಗುವಾಗ ಅವುಗಳ ಉಬ್ಬುತಗ್ಗು ಎದ್ದು ಕಾಣುತ್ತದೆ. ಮಧ್ಯಾಹ್ನ ಅವೇ ಗೋಡೆಗಳು ಸಪಾಟಾಗಿಬಿಡುತ್ತವೆ.

ಉಬ್ಬು ಯಾಕೆ ಮುಖ್ಯ ಅಂದರೆ, ಈ ಬೀದಿಯ ಮನೆಗಳ ವಯಸ್ಸನ್ನು ಮುಂಭಾಗ ನೋಡಿ ಹೇಳುವ ಹಾಗಿಲ್ಲ. ನೇರ ಸಾಲಿನ ಕಿಟಕಿಗಳು, ಅಚ್ಚುಕಟ್ಟಾದ ಇಟ್ಟಿಗೆ, ನೋಡಿದರೆ ಹದಿನೆಂಟನೆಯ ಶತಮಾನದ ಮನೆ. ಆದರೆ ಮೊದಲ ಮಹಡಿಯ ಹತ್ತಿರ ಗೋಡೆ ಹೊಟ್ಟೆ ಬಿಟ್ಟಿದೆ. ನಿಜವಾದ ಇಟ್ಟಿಗೆ ಗೋಡೆ ಅಷ್ಟು ಉಬ್ಬಿದರೆ ಬಿರುಕು ಬಿಡಬೇಕು, ಇಲ್ಲಿ ಬಿರುಕಿಲ್ಲ. ಒಳಗಿರುವುದು ಅದಕ್ಕಿಂತ ಹಳೆಯ ಮರದ ಚೌಕಟ್ಟು, ಬಾಗಿರುವುದು ಅದು. ಹೊರಗೆ ಕಾಣುವುದು ಇಟ್ಟಿಗೆಯಲ್ಲ, ಹೆಂಚು.

ಇದನ್ನು ಮ್ಯಾಥಮೆಟಿಕಲ್ ಟೈಲ್ ಅನ್ನುತ್ತಾರೆ. ಸಸೆಕ್ಸ್ ಮತ್ತು ಕೆಂಟ್ ಸೀಮೆಯಲ್ಲಿ ಹೆಚ್ಚು, ಲೂಯಿಸ್‌ನಲ್ಲಂತೂ ಕೆಂಪು, ಕಪ್ಪು ಹೊಳಪಿನದು ಎರಡೂ ಇವೆ. ರೀಪಿನ ಮೇಲೆ ಮಂಗಳೂರು ಹೆಂಚು ಕೂರಿಸುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ: ಅದೇ ಲೆಕ್ಕ ಮಾಡಿನಿಂದ ಗೋಡೆಗೆ ಇಳಿದಿದೆ. ಹೆಂಚಿನ ಮೇಲರ್ಧ ತೆಳು, ಅದರಲ್ಲಿ ಮೊಳೆಯ ತೂತು. ಕೆಳಭಾಗ ದಪ್ಪಗೆ ಮುಂದಕ್ಕೆ ಚಾಚಿದೆ. ಅದರ ಮುಖ ಮಾತ್ರ ಇಟ್ಟಿಗೆಯ ಅಳತೆಯದು. ಕೆಳಗಿನ ಸಾಲಿನಿಂದ ಶುರುಮಾಡಿ, ರೀಪಿಗೋ ಹಲಗೆಗೋ ಮೊಳೆ ಹೊಡೆಯುತ್ತ ಮೇಲಕ್ಕೆ ಹೋಗುತ್ತಾರೆ. ಮೇಲಿನ ಸಾಲಿನ ಮೂತಿ ಕೆಳಗಿನ ಸಾಲಿನ ಮೊಳೆಯನ್ನು ಮುಚ್ಚುತ್ತದೆ. ಕೊನೆಗೆ ಸಂದುಗಳಿಗೆ ಸುಣ್ಣದ ಗಾರೆ. ಇಟ್ಟಿಗೆ ಗೋಡೆಯಲ್ಲಿ ಒಂದು ಉದ್ದ ಮುಖ, ಒಂದು ಗಿಡ್ಡ ಮುಖ ಬರುತ್ತದಲ್ಲ, ಅದಕ್ಕಾಗಿ ಎರಡು ಅಳತೆಯ ಹೆಂಚು ಸುಡುತ್ತಿದ್ದರು. ಗಿಡ್ಡ ಮುಖ ಕಂಡರೆ ಇಟ್ಟಿಗೆ ಗೋಡೆಯೊಳಕ್ಕೆ ಹೋಗಿದೆ ಅಂತ ಅರ್ಥ. ಇಲ್ಲಿ ಅದು ಎಲ್ಲಿಗೂ ಹೋಗಿಲ್ಲ.

ಗುರುತು ಹಿಡಿಯಲು ಮೂಲೆಗೆ ಹೋಗಬೇಕು. ಹೆಂಚಿಗೆ ಮೂಲೆ ತಿರುಗುವುದು ಕಷ್ಟ, ಹಾಗಾಗಿ ಅಲ್ಲಿ ಮೇಲಿಂದ ಕೆಳಗೆ ಒಂದು ಮರದ ಪಟ್ಟಿ ಹೊಡೆದು ಅಂಚು ಮುಚ್ಚಿರುತ್ತಾರೆ. ಆಮೇಲೆ ಕಿಟಕಿ ನೋಡಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಕಿಟಕಿ ಒಳಕ್ಕೆ ಕೂತಿರುತ್ತದೆ. ಇಲ್ಲಿ ಚೌಕಟ್ಟು ಗೋಡೆಯ ಮುಖಕ್ಕೇ ಬಂದು ನಿಂತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆದರೆ ಅದು ಯಾರದೋ ಮನೆ, ತಟ್ಟದಿದ್ದರೇ ಚೆಂದ.

ಇಟ್ಟಿಗೆ ಸುಂಕ ತಪ್ಪಿಸಿಕೊಳ್ಳಲು ಈ ಉಪಾಯ ಹೂಡಿದರು ಅಂತ ಹೇಳುವವರು ಇನ್ನೂ ಇದ್ದಾರೆ. ನಂಬಬೇಡಿ. ಸುಂಕ ಬಂದದ್ದು 1784ರಲ್ಲಿ, ಸಾವಿರ ಇಟ್ಟಿಗೆಗೆ ಎರಡೂವರೆ ಶಿಲಿಂಗ್. ಹೆಂಚಿಗೂ ಆಗಲೇ ಸುಂಕ ಬಿತ್ತು. ಈ ಹೆಂಚು 1730ರ ದಶಕದಲ್ಲೇ ಬಳಕೆಯಲ್ಲಿತ್ತು. ನಿಜವಾದ ಕಾರಣ ಸರಳ: ಮುಂದಕ್ಕೆ ಚಾಚಿದ ಮರದ ಮಹಡಿಯ ಮೇಲೆ ಇಟ್ಟಿಗೆ ಗೋಡೆಯ ಭಾರ ಹೇರಲು ಆಗುವುದಿಲ್ಲ, ಹೆಂಚನ್ನಾದರೆ ತೂಗುಹಾಕಬಹುದು. ಮಳೆ ತಡೆಯುತ್ತದೆ, ಮನೆ ಹೊಸದಾಗಿಯೂ ಕಾಣುತ್ತದೆ.

ಕೆಡುವುದು ಮೊಳೆಯಿಂದ. ಕಬ್ಬಿಣ ತುಕ್ಕು ಹಿಡಿದು ಸವೆದರೆ ಹೆಂಚು ಜಾರುತ್ತದೆ. ಮಧ್ಯದ ಒಂದನ್ನು ಬದಲಿಸೋಣವೆಂದರೆ ಅದರ ಮೊಳೆ ಮೇಲಿನ ಹೆಂಚಿನ ಅಡಿಯಲ್ಲಿ ಅವಿತಿದೆ. ಇದಕ್ಕಿಂತ ಕೆಟ್ಟದ್ದು ಸಂದಿಗೆ ಸಿಮೆಂಟ್ ಮೆತ್ತುವುದು. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ; ಸುಣ್ಣದ ಗಾರೆ ಅದಕ್ಕೆ ಸ್ವಲ್ಪ ಬಗ್ಗುತ್ತದೆ, ಸಿಮೆಂಟ್ ಬಗ್ಗುವುದಿಲ್ಲ. ಹೆಂಚಿನ ಅಂಚು ಸೀಳುತ್ತದೆ, ಒಳಸೇರಿದ ನೀರು ಆರಲು ದಾರಿಯಿಲ್ಲದೆ ರೀಪು ಕೊಳೆಯುತ್ತದೆ. ಬೂದು ಬಣ್ಣದ ಗಟ್ಟಿ ಸಂದು ಕಂಡಲ್ಲಿ ಅಕ್ಕಪಕ್ಕದ ಹೆಂಚು ನೋಡಿ, ಸೀಳು ಸಿಗುವ ಸಂಭವ ಹೆಚ್ಚು.

ಪಶ್ಚಿಮಕ್ಕೆ ನಡೆದರೆ ಕೋಟೆಯ ಹೆಬ್ಬಾಗಿಲ ಹತ್ತಿರ ಕ್ಯಾಸಲ್ ಪ್ಲೇಸ್. ಕಂಬಗಳ ತಲೆಯ ಮೇಲೆ ಎಲೆಬಳ್ಳಿಯ ಬದಲು ಅಮೋನೈಟ್ ಎಂಬ ಸುರುಳಿ ಪಳೆಯುಳಿಕೆಯ ಕೆತ್ತನೆ. ಕಟ್ಟಿಸಿದವನ ಹೆಸರು ಏಮನ್ ವೈಲ್ಡ್ಸ್. ಹೆಸರಿನ ಮೇಲಿನ ಚೇಷ್ಟೆಯೂ ಇದ್ದೀತು. ಇಗ್ವಾನೊಡಾನ್ ಎಂಬ ಡೈನೊಸಾರ್‌ಗೆ 1825ರಲ್ಲಿ ಹೆಸರಿಟ್ಟ ವೈದ್ಯ ಗಿಡಿಯನ್ ಮ್ಯಾಂಟೆಲ್ ಇದ್ದದ್ದು ಇಲ್ಲೇ. ಮುಂದೆ ಸೇಂಟ್ ಮೈಕೇಲ್ ಚರ್ಚಿನ ದುಂಡು ಗೋಪುರ, ಚಕಮಕಿ ಕಲ್ಲಿನದು. ಚಕಮಕಿಯಲ್ಲಿ ಮೂಲೆಗೆ ಬೇಕಾದ ಚೌಕ ಕಲ್ಲು ಸಿಗುವುದಿಲ್ಲ. ಈ ಊರಿನ ಚಕಮಕಿ ಗೋಡೆಗಳ ಮೂಲೆಗೆ ಇಟ್ಟಿಗೆ ಕಟ್ಟಿರುವುದು ಅದಕ್ಕೇ. ದುಂಡಗೆ ಕಟ್ಟಿದರೆ ಆ ತಾಪತ್ರಯವೇ ಇಲ್ಲ.

ಇದೇ ಬೀದಿಯ ಬುಲ್ ಹೌಸ್ ಎಂಬ ಮನೆಯಲ್ಲಿ, ಮುಂದೆ ಅಮೆರಿಕದ ಸ್ವಾತಂತ್ರ್ಯದ ಪರ ಬರೆದು ಹೆಸರಾದ ಟಾಮಸ್ ಪೇನ್ 1768ರಿಂದ 1774ರವರೆಗೆ ಇದ್ದ, ಅಬಕಾರಿ ಅಧಿಕಾರಿಯಾಗಿ. ಮುಂದೆ ಇಟ್ಟಿಗೆ ಸುಂಕ ವಸೂಲು ಮಾಡಿದ್ದೂ ಅದೇ ಇಲಾಖೆ. ಅಷ್ಟರಲ್ಲಿ ಅವನು ಆ ಕೆಲಸ ಕಳೆದುಕೊಂಡು ಅಮೆರಿಕ ಸೇರಿ ಹತ್ತು ವರ್ಷವಾಗಿತ್ತು.

ಹೆಂಚು ಏನನ್ನು ಮುಚ್ಚಿತ್ತೆಂದು ಕಾಣುವುದು ಕೀರ್ ಸ್ಟ್ರೀಟಿನ ಮೂಲೆಯಲ್ಲಿ, ಹದಿನೈದನೆಯ ಶತಮಾನದ ಮನೆಯಲ್ಲಿ. ಈಗ ಅದು ಪುಸ್ತಕದಂಗಡಿ. ಮಹಡಿ ಬೀದಿಯ ಕಡೆಗೆ ಚಾಚಿದೆ. ಇಂಥ ಮನೆಗಳನ್ನು ಕಟ್ಟುತ್ತಿದ್ದದ್ದು ಹಸಿ ಓಕ್ ಮರದಿಂದ, ಹದಮಾಡಿದ ಮರದಿಂದಲ್ಲ; ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಒಂದು ತೊಲೆಯ ನಾಲಗೆಯನ್ನು ಇನ್ನೊಂದರ ಗುಳಿಗೆ ಕೂರಿಸಿ ಅಡ್ಡಲಾಗಿ ಮರದ ಗೂಟ ಹೊಡೆಯುತ್ತಾರೆ. ನಾಲಗೆಯ ತೂತನ್ನು ಬೇಕೆಂದೇ ಕೂದಲೆಳೆಯಷ್ಟು ಹಿಂದಕ್ಕೆ ಕೊರೆದಿರುತ್ತಾರೆ, ಗೂಟ ಇಳಿದಂತೆ ಎರಡು ಮರವೂ ಬಿಗಿದುಕೊಳ್ಳಲಿ ಅಂತ. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುವುದು; ನಮ್ಮ ತಡಿಕೆ ಗೋಡೆಯೇ. ಅಂದ ಹಾಗೆ, ಇಂಗ್ಲೆಂಡಿನ ಹಳೆ ಮನೆಗಳ ತೊಲೆಗೆ ಬಳಿದಿರುವ ಕಪ್ಪು ಬಣ್ಣ ಬಹುತೇಕ ವಿಕ್ಟೋರಿಯಾ ಕಾಲದ್ದು. ಬಿಟ್ಟರೆ ಓಕ್ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ.

ಹಿಂದಿರುಗಲು ಕೀರ್ ಸ್ಟ್ರೀಟಿನಲ್ಲೇ ಇಳಿಯಬಹುದು. ಕಡಿದಾದ ಇಳಿಜಾರು, ನೆಲಕ್ಕೆಲ್ಲ ಉರುಟು ಕಲ್ಲು. ನಾಲ್ಕನೆಯ ಜಾರ್ಜ್ ರಾಜನಾಗುವ ಮೊದಲು ಪಂದ್ಯ ಕಟ್ಟಿ ಇಲ್ಲಿ ಸಾರೋಟು ಓಡಿಸಿದ ಅನ್ನುವ ಕತೆಯಿದೆ. ಮಳೆ ಬಿದ್ದಿದ್ದರೆ ಗೋಡೆಯ ಪಕ್ಕ ಹಿಡಿದು ನಡೆಯಿರಿ.