ಪೈಯಲ್ಲಿ ಗೇಮ್ ಆಗ್ತದಾ?

ಕದ್ರಿಯ ನಮ್ಮ ಮನೆಯ ಟಿವಿ ಹಿಂದೆ ಅಂಗೈಯಗಲದ ಒಂದು ಪೆಟ್ಟಿಗೆ ಇದೆ. ಒಳಗಿರುವುದು ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 5. (ಪೈ ತಂದಿದ್ದೇನೆ ಎಂದಾಗ ಅಮ್ಮ ಕೇಳಿದ್ದು, ‘ಯಾವ ಪೈ? ಮಣಿಪಾಲದವರಾ?’) ಅದನ್ನು ನೋಡಿದವರ ಪ್ರಶ್ನೆ ಒಂದೇ. ‘ಇದರಲ್ಲಿ ಗೇಮ್ ಆಗ್ತದಾ ಮಾರಾಯ?’ ಕಳೆದ ರಜೆಯಲ್ಲಿ ಉಡುಪಿಯಿಂದ ಬಂದ ಅಕ್ಕನ ಮಗ ಇನ್ನೂ ನೇರವಾಗಿ ಕೇಳಿದ. ‘ಮಾಮ, ಜಿಟಿಎ 5 ಓಡ್ತದಾ?’

ಅದು ದೊಡ್ಡ ಪಿಸಿ ಗೇಮ್, ಆಡುವ ಹಾಗೆ ಓಡುವುದಿಲ್ಲ. ಅವನ ಮುಖ ಬಾಡಿತು.

ಶಕ್ತಿ ಸಾಲದು ಎಂಬುದು ಅರ್ಧ ಕಾರಣ ಮಾತ್ರ. ಪಿಸಿ ಗೇಮ್‌ಗಳನ್ನು ಇಂಟೆಲ್, ಎಎಂಡಿ ಚಿಪ್‌ಗಳ ಭಾಷೆಯಲ್ಲಿ ಮಾಡಿರುತ್ತಾರೆ. ಪೈಯಲ್ಲಿರುವುದು ನಮ್ಮ ಫೋನಿನಂತೆ ಆರ್ಮ್ ಚಿಪ್. ಪಂಜಾಬಿಯಲ್ಲಿ ಬರೆದ ಚೀಟಿಯನ್ನು ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕೊಟ್ಟ ಹಾಗೆ. ಸಾಮಾನು ಉಂಟು, ಚೀಟಿ ಓದಲಿಕ್ಕೆ ಬರುವುದಿಲ್ಲ. ಬಾಕ್ಸ್64 ಎಂಬ ತಂತ್ರಾಂಶ ಪಕ್ಕದಲ್ಲಿ ನಿಂತು ಅನುವಾದ ಮಾಡಿಕೊಡುತ್ತದೆ. ಆದರೆ ಅದಕ್ಕೂ ಸಮಯ ಬೇಕಲ್ವಾ? ಮೇಲಾಗಿ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲ. ಇರುವ ರ‍್ಯಾಮ್‌ನಲ್ಲೇ ಪಾಲು.

ಹಳೆಯ ಗೇಮ್ ಕೇಳಿದರೆ ನನ್ನ ಉತ್ತರ ಬೇರೆ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೋ ಆಡುತ್ತಿದ್ದೆವಲ್ಲ, ಆ ಪೆಟ್ಟಿಗೆಗಳು ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಅಸಲಿ ಫ್ಯಾಮಿಕಾಮ್‌ನ ವೇಗ ಸುಮಾರು 1.79 ಮೆಗಾಹರ್ಟ್ಸ್. ಪೈ 5ರಲ್ಲಿ ನಾಲ್ಕು ಕೋರ್, ಒಂದೊಂದೂ 2,400 ಮೆಗಾಹರ್ಟ್ಸ್. ತಂತ್ರಾಂಶದ ಬಲದಿಂದ ಹಳೆಯ ಯಂತ್ರದ ವೇಷ ಹಾಕಿ ಕುಣಿಯಲಿಕ್ಕೆ ಜಾಸ್ತಿ ಶಕ್ತಿ ಬೇಕು, ಆದರೂ ಇಷ್ಟು ಬೇಕಾದಷ್ಟಾಯಿತು. ಸೋನಿಯ ಗೇಮ್ ಪೆಟ್ಟಿಗೆ, ಮೊದಲ ಪ್ಲೇಸ್ಟೇಷನ್, ಇದರ ಹಿಂದಿನ ಪೈ 4ರಲ್ಲೇ ಸಲೀಸು. ಸೋನಿಯದೇ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಯ ಎಷ್ಟೋ ಗೇಮ್‌ಗಳು ಪೈ 5ರಲ್ಲಿ ಚೆನ್ನಾಗಿ ಬರುತ್ತವೆ. ನಿಂಟೆಂಡೊ 64 ಸ್ವಲ್ಪ ತರಲೆ. ಎರಡನೆಯ ಪ್ಲೇಸ್ಟೇಷನ್ ಪಿಎಸ್2ರ ಆಸೆ ಬಿಡಿ.

ಇನ್ನು ನಮ್ಮೂರಿನ ತೊಂದರೆಗಳು. ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ನಾವೇ ಫ್ಯಾನಿನ ಕೆಳಗೆ ಬೆವರುವಾಗ ಅದಕ್ಕೂ ಒಂದು ಫ್ಯಾನ್ ಬೇಡವೇ? ಮೊದಲು ನಾನು ಸುಮ್ನೆ ಫೋನ್ ಚಾರ್ಜರ್ ಸಿಕ್ಕಿಸಿದ್ದೆ. ಪೈ 5 ಕೇಳುವುದು 5 ವೋಲ್ಟ್, 5 ಆಂಪಿಯರ್. ಅಷ್ಟು ಸಿಗದಿದ್ದರೆ ಯುಎಸ್‌ಬಿಗೆ ಕೊಡುವ ಕರೆಂಟನ್ನೇ ಕಡಿಮೆ ಮಾಡುತ್ತದೆ. ನನ್ನ ಹಾರ್ಡ್ ಡಿಸ್ಕ್ ಆಟದ ನಡುವೆ ಮಾಯವಾಗುತ್ತಿದ್ದದ್ದು ಇದಕ್ಕೇ ಎಂದು ತಿಳಿಯಲು ಎರಡು ವಾರ ಬೇಕಾಯಿತು. ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಮೆಮೊರಿ ಕಾರ್ಡೇ ಕೆಟ್ಟಿತು. ಸೇವ್ ಮಾಡಿದ ಆಟವೆಲ್ಲ ಅರಬ್ಬೀ ಸಮುದ್ರ ಸೇರಿತು.

ಹಾಗಾಗಿ ಬರೀ ಗೇಮ್‌ಗೆಂದು ಪೈ ಕೊಳ್ಳಬೇಡಿ ಎನ್ನುತ್ತೇನೆ. ಬೋರ್ಡ್, ಅಡಾಪ್ಟರ್, ಫ್ಯಾನ್, ಕೇಸ್, ಕಾರ್ಡ್, ಜಾಯ್‌ಸ್ಟಿಕ್ ಎಲ್ಲ ಕೂಡಿಸಿದರೆ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿಯ ಬೆಲೆಗೇ ಬಂದು ನಿಲ್ಲುತ್ತದೆ. ಆ ಪಿಸಿ ಗೇಮಿಗೆ ಹೆಚ್ಚು ಒಳ್ಳೆಯದು. ಬೇರೆ ಕೆಲಸಕ್ಕೆ ತಂದ ಪೈ ಮನೆಯಲ್ಲಿದ್ದರೆ ಮಾತ್ರ ಮಜಾ ಮಾಡಿ.

ಅಕ್ಕನ ಮಗನನ್ನು ಬೇಜಾರಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಒಳಕೋಣೆಯ ನನ್ನ ದೊಡ್ಡ ಪಿಸಿ ಆನ್ ಮಾಡಿದೆ. ಪೈಯಲ್ಲಿ ಮೂನ್‌ಲೈಟ್ ಎಂಬ ತಂತ್ರಾಂಶ ಹಾಕಿ, ಎರಡಕ್ಕೂ ಲ್ಯಾನ್ ಕೇಬಲ್ ಎಳೆದೆ. ಗೇಮ್ ಓಡುವುದು ಒಳಗೆ. ಪೈಗೆ ಬರುವುದು ಬರೀ ವಿಡಿಯೊ, ಪೈ ಕಳಿಸುವುದು ಬರೀ ಬಟನ್ ಒತ್ತಿದ ಸುದ್ದಿ. ಪೈ 5ರಲ್ಲಿ ವಿಡಿಯೊ ಬಿಡಿಸಲು ಎಚ್.265 ಎಂಬ ಮಾದರಿಗೆ ಮಾತ್ರ ಹಾರ್ಡ್‌ವೇರ್ ಸಹಾಯ ಇದೆ, ಅದನ್ನೇ ಆರಿಸಿದೆ. ಹುಡುಗ ಊಟಕ್ಕೂ ಏಳಲಿಲ್ಲ.

ಒಳಕೋಣೆಯ ಪಿಸಿ ವಿಷಯ ಅವನಿಗೆ ಎರಡು ಸಲ ಬಿಡಿಸಿ ಹೇಳಿದ್ದೆ. ಈಗ ಅವನ ಗೆಳೆಯರ ಫೋನ್ ಬರುತ್ತಿದೆ. ‘ಅಂಕಲ್, ನಿಮ್ಮ ಪೈಯಲ್ಲಿ ಜಿಟಿಎ ಓಡ್ತದಂತೆ, ಹೌದಾ?’