ಟೀಚರ್ ಕೇಳಿದ್ದು

ನಮ್ಮ ಗಣಿತದ ಟೀಚರಿಗೆ ಕೇಳುವ ಚಾಳಿ ಇತ್ತು. ಪಾಠದ ಪ್ರಶ್ನೆಗಳ ಮಾತಲ್ಲ, ಅದು ಎಲ್ಲ ಟೀಚರುಗಳಿಗೂ ಇರುತ್ತದೆ. ಇವರು ಶಾಲೆ ಬಿಟ್ಟು ಗುಡ್ಡ ಇಳಿಯುವಾಗ ಒಂದು ಮನೆಯಲ್ಲಿ ನಾಲ್ಕು ಎಸಳು ಕರಿಬೇವು, ಇನ್ನೊಂದು ಮನೆಯಲ್ಲಿ ಒಂದು ಹಿಡಿ ಬಸಳೆ ಕೇಳಿಕೊಂಡೇ ಹೋಗುತ್ತಿದ್ದರು. ನಮ್ಮ ಏಣಿಯಂತೂ ನಮ್ಮಲ್ಲಿ ಇದ್ದುದಕ್ಕಿಂತ ಅವರ ಅಂಗಳದಲ್ಲಿ ಇದ್ದುದೇ ಹೆಚ್ಚು. "ತಿಂಗಳ ಸಂಬಳ ಬರುವ ಬಾಯಮ್ಮ, ಒಂದು ಏಣಿ ಮಾಡಿಸಿಕೊಳ್ಳಬಾರದೇ?" ಎಂದು ಅಜ್ಜಿ ಗೊಣಗುತ್ತಿದ್ದರು. ಗೊಣಗುತ್ತಲೇ ಏಣಿಯ ಜೊತೆಗೆ ಎರಡು ಮಾವಿನಕಾಯಿಯನ್ನೂ ಕಳಿಸುತ್ತಿದ್ದರು. ನಮ್ಮ ಬಂಟ್ವಾಳದ ಕಡೆ ತುಳುವರ ಬಾಯಲ್ಲಿ ಕ್ರೈಸ್ತ ಹೆಂಗಸರೆಲ್ಲ ಬಾಯಮ್ಮಂದಿರು, ಗಂಡಸರು ಪೊರ್ಬುಗಳು.

ನಾನು ಎಂಟನೆಯ ತರಗತಿಗೆ ಸೇರಿದ್ದು 1987ರಲ್ಲಿ. ಕ್ರೈಸ್ತ ಮಕ್ಕಳು ಪಕ್ಕದ ಕೋಣೆಗೆ ಹೋಗಿ ದೊತೊರ್ನ್, ಅಂದರೆ ತಮ್ಮ ಧರ್ಮಪಾಠ, ಕಲಿಯುವ ಹೊತ್ತಿನಲ್ಲಿ ಉಳಿದ ನಮಗೆ ನೀತಿಶಿಕ್ಷಣ. ಆ ಕೋಣೆಯಿಂದ ಕೊಂಕಣಿಯ ಬಾಯಿಪಾಠ ರಾಗವಾಗಿ ಕೇಳಿಬರುತ್ತಿತ್ತು. ನಮ್ಮ ಕೋಣೆಯಲ್ಲಿ ಸತ್ಯ ಹೇಳಬೇಕು, ಹಿರಿಯರನ್ನು ಗೌರವಿಸಬೇಕು. ಅರ್ಧ ತರಗತಿ ತೂಕಡಿಸುತ್ತಿತ್ತು, ನಾನೂ ಆ ಅರ್ಧದಲ್ಲೇ ಇದ್ದೆ.

ಟೀಚರು ಸಾಂ ವಿಶೆಂತ್ ಪಾವ್ಲ್ ಸಭೆಯ ಸದಸ್ಯೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝಾನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರನ್ನು ಕೂಡಿಸಿಕೊಂಡು ಕಟ್ಟಿದ ಸಭೆ ಅದು. ಬಡವರ ಮನೆಗೆ ತಾವೇ ಹೋಗಬೇಕು, ಹೋಗುವಾಗ ಇಬ್ಬರಾಗಿ ಹೋಗಬೇಕು ಎಂಬುದು ಅದರ ಪದ್ಧತಿ. ಕೂಟದಲ್ಲಿ ಒಂದು ಚೀಲ ಕೈಯಿಂದ ಕೈಗೆ ದಾಟುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ಮಳೆಗಾಲ ಟೀಚರ ಜೊತೆಗಾತಿ ಕಾಲು ಉಳುಕಿಸಿಕೊಂಡು ಮಲಗಿದಾಗ ಆ ಎರಡನೆಯ ಜನ ನಾನಾದೆ. "ಅಕ್ಕಿ ಚೀಲಕ್ಕೆ ಒಂದು ಹೆಗಲು ಬೇಕು, ಬರುತ್ತೀಯಾ?" ಎಂದು ಕೇಳಿದರು, ಅಷ್ಟೇ. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. "ಅಕ್ಕಿ ಹೊತ್ತರೆ ಜಾತಿ ಕೆಡುತ್ತದೆಯೇನೋ?" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದರು.

ತೋಡು ದಾಟಿದರೆ ಒಂಟಿ ಮುದುಕಿಯೊಬ್ಬರ ಮನೆ. ಅಕ್ಕಿಯನ್ನು ಒಳಗಿಟ್ಟು ನಾನು ಹೊರಡಲು ನಿಂತೆ. ಟೀಚರು ಮಾತ್ರ ಜಗಲಿಯಲ್ಲಿ ಕಾಲು ಚಾಚಿ ಕುಳಿತು, "ಮಾವ್ಶಿ, ನಿಮ್ಮ ಕೆಸುವಿನ ದಂಟು ಚೆನ್ನಾಗಿದೆಯಲ್ಲ, ನಾಲ್ಕು ಕೊಡಿ" ಎಂದರು. ಮುದುಕಿ ಕತ್ತಿ ಹಿಡಿದು ಮಳೆಗೇ ಇಳಿದರು. ನಾಲ್ಕಲ್ಲ, ಒಂದು ಕಟ್ಟು ಕೊಯ್ದು ಬಾಳೆನಾರಿನಿಂದ ಬಿಗಿದು, ಬೇರಿನ ಮಣ್ಣನ್ನು ಸೆರಗಿನಲ್ಲಿ ಒರೆಸಿ, "ಹುಳಿ ಸ್ವಲ್ಪ ಜಾಸ್ತಿ ಹಾಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ" ಎಂದು ಟೀಚರಿಗೇ ಪಾಠ ಹೇಳಿದರು. ಅಕ್ಕಿ ಇಳಿಸುವಾಗ ಬಗ್ಗಿದ್ದ ಅವರ ತಲೆ ಆಗ ನೆಟ್ಟಗಿತ್ತು. ದಾರಿಯಲ್ಲಿ ನಾನು, "ಟೀಚರ್, ನಿಮ್ಮ ಹಿತ್ತಿಲಲ್ಲೇ ಕೆಸುವಿದೆಯಲ್ಲ?" ಎಂದೆ. "ಇದೆ" ಎಂದರು. ಮುಂದಿನ ಮಾತು ಮರುದಿನದ ಪರೀಕ್ಷೆಯ ಕಡೆಗೆ ಹೋಯಿತು.

ಕೇಳುವುದರಲ್ಲಿ ದೊಡ್ಡದು ಬರುತ್ತಿದ್ದುದು ಸೆಪ್ಟೆಂಬರಿನ ಮೊದಲ ವಾರ. 8ಕ್ಕೆ ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಅಕ್ಕಿಯ ಹಬ್ಬ. ಗೋವಾದ ಪಾದ್ರಿ ಜೋಕಿಂ ಮಿರಾಂಡಾ 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ನಮ್ಮ ತುಳುವಿನಲ್ಲಿ ಇದು ಕೊರಲ್ ಪರ್ಬ, ತೆನೆಯ ಹಬ್ಬ. ಆದರೆ ಟೀಚರ ಮನೆಗೆ ಗದ್ದೆಯೇ ಇರಲಿಲ್ಲ. ಪೇಟೆಯಿಂದ ತರಿಸಬಹುದಿತ್ತು. ಅವರು ಬಂದು ಅಜ್ಜಿಯನ್ನು ಕೇಳುತ್ತಿದ್ದರು. ಅಜ್ಜಿ ಮಿಂದು ಬಂದು, ಒದ್ದೆ ಕೂದಲಲ್ಲೇ ಗದ್ದೆಗಿಳಿದು, ಬಲಿತ ತೆನೆಗಳನ್ನು ಹುಡುಕಿ ಕೊಯ್ದು ಬಾಳೆಲೆಯಲ್ಲಿ ಸುತ್ತುತ್ತಿದ್ದರು. ನಾನು ಹೊತ್ತೊಯ್ಯುವಾಗ, "ನೆಲಕ್ಕಿಡಬೇಡ, ದೇವರಿಗೆ ಹೋಗುವುದು" ಎಂಬ ಎಚ್ಚರಿಕೆ. ಯಾವ ದೇವರಿಗೆ ಎಂದು ಅಜ್ಜಿ ಹೇಳುತ್ತಿರಲಿಲ್ಲ.

ಒಂಬತ್ತು ದಿನ ನಾವೂ ಹೂ ಕೊಯ್ದು ತಂದು ಮರಿಯಮ್ಮನಿಗೆ ಎರಚುತ್ತಿದ್ದೆವು. ಅದರಲ್ಲಿ ಭಕ್ತಿ ಎಷ್ಟು, ಹಬ್ಬದ ದಿನ ಸಿಗುವ ಕಬ್ಬಿನ ಆಸೆ ಎಷ್ಟು ಎಂದು ಈಗ ಕೆದಕುವುದು ಬೇಡ. ಪಾದ್ರಿಗಳು ಆಶೀರ್ವದಿಸಿದ ತೆನೆ ಟೀಚರ ಮನೆಗೆ ಬಂದ ಮೇಲೆ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ ಅವರ ತಾಯಿ ಎಲ್ಲರಿಗೂ ಹಂಚುತ್ತಿದ್ದರು. ಬಹರೈನಿನಲ್ಲಿದ್ದ ಮಗನ ಪಾಲಿಗೆ ಎರಡು ಕಾಳು ಲಕೋಟೆಯೊಳಗೆ. ಬಾಗಿಲಲ್ಲಿ ನಿಂತ ನನಗೂ ಒಂದು ಚಮಚ. ಊಟಕ್ಕೆ ಅಂದು ಮೀನು ಮಾಂಸವಿಲ್ಲ, ಬಾಳೆಲೆಯ ಮೇಲೆ ತರಕಾರಿ ಪದಾರ್ಥಗಳು ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ಬೆಸ ಮತ್ತು ಸಮ ಸಂಖ್ಯೆಗಳನ್ನು ಟೀಚರು ಕಲಿಸುತ್ತಿದ್ದುದೇ ಇದರಿಂದ. ಒಮ್ಮೆ ಎಣಿಸಿದಾಗ ಆರಾಯಿತು. ನಮ್ಮ ಮನೆಗೆ ಆಳು ಓಡಿಬಂದು ಅಜ್ಜಿ ಮಾಡಿದ್ದ ಹೀರೆಕಾಯಿ ಪಲ್ಯವನ್ನು ಪಾತ್ರೆಸಮೇತ ಒಯ್ದ! ಸಂಜೆ ಪಾತ್ರೆಯಲ್ಲಿ ಪಾಯಸ ಬಂತು, ಮೇಲೆ ಆಶೀರ್ವಾದದ ಒಂದು ತೆನೆ. ನವರಾತ್ರಿಗೆ ನಮ್ಮ ಕದಿರು ಕಟ್ಟುವ ಅದೇ ತೊಲೆಗೆ ಅಜ್ಜಿ ಅದನ್ನೂ ಸಿಕ್ಕಿಸಿದರು.

ಆ ಗದ್ದೆಯಲ್ಲಿ ಈಗ ಅಡಿಕೆ ಇದೆ. ಅಜ್ಜಿ ಇಲ್ಲ. ಚರ್ಚಿಗೆ ತೆನೆ ಬೇರೆಲ್ಲಿಂದಲೋ ಬರುತ್ತದೆ.

ಕಳೆದ ಮಳೆಗಾಲ ಟೀಚರನ್ನು ನೋಡಲು ಹೋಗಿದ್ದೆ. ಕಣ್ಣು ಮಂಜು, ಮಂಡಿ ನೋವು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ, "ಹೆಸರು ಹಾಕಬೇಡ ಮಾರಾಯ, ಏಣಿ ಕೇಳಲು ಕಷ್ಟವಾಗುತ್ತದೆ" ಎಂದು ನಕ್ಕರು. ಹೊರಡುವಾಗ ನನ್ನ ಕೈಯತ್ತ ನೋಡಿ, "ಆ ಕೊಡೆ ಇಲ್ಲಿ ಬಿಟ್ಟು ಹೋಗುತ್ತೀಯಾ? ಪಕ್ಕದ ಮನೆಯ ಹುಡುಗಿ ನೆನೆದುಕೊಂಡು ಶಾಲೆಗೆ ಹೋಗುತ್ತಾಳೆ" ಎಂದರು.

ಕಾರು ಗೇಟಿನಾಚೆ ನಿಂತಿತ್ತು. ಅಲ್ಲಿಯವರೆಗೆ ನೆನೆದುಕೊಂಡೇ ಓಡಿದೆ.